ಮಳಿಗೆ ನಿರ್ವಹಣೆಯಿಂದ ಉದ್ಯೋಗ ತರಬೇತಿ ಸೇವೆಗೆ: ಹೀಗೂ ಒಂದು ವೃತ್ತಿಮಾರ್ಗ

ಬೆಂಗಳೂರಿನ ತುಮಕೂರು ರಸ್ತೆಯ ನಾಗಸಂದ್ರಕ್ಕೆ 2015ರ ಮೇ 1ರಂದು ಮೆಟ್ರೋ ಬಂತು. 2022ರ ಜೂನ್‌ನಲ್ಲಿ ಅಲ್ಲಿ ಐಕಿಯಾ ಮಳಿಗೆ ತೆರೆಯಿತು. ಹತ್ತಿರದಲ್ಲೇ ಪೀಣ್ಯದ ಕಾರ್ಖಾನೆಗಳಿವೆ. ಕೆಲಸ ಸಿಗುತ್ತಿಲ್ಲ ಎನ್ನುವ ಯುವಕರೂ, ಕೆಲಸಕ್ಕೆ ಜನ ಸಿಗುತ್ತಿಲ್ಲ ಎನ್ನುವ ಮಾಲೀಕರೂ ಇಂಥ ಕಡೆ ಒಂದೇ ರಸ್ತೆಯಲ್ಲಿ ಓಡಾಡುತ್ತಾರೆ. ಇವರಿಬ್ಬರನ್ನು ಸೇರಿಸುವುದೇ ಉದ್ಯೋಗ ತರಬೇತಿ ನೀಡುವ ಸೇವಾಸಂಸ್ಥೆಗಳ ಕೆಲಸ.

ಈ ಕೆಲಸಕ್ಕೆ ಮಳಿಗೆ ನಡೆಸಿದ ಅನುಭವ ಚೆನ್ನಾಗಿ ಹೊಂದುತ್ತದೆ. ಸ್ಟೋರ್ ಮ್ಯಾನೇಜರ್ ಆದವರು ಹೊಸ ಹುಡುಗರಿಗೆ ಬಿಲ್ಲಿಂಗ್ ಕಲಿಸಿರುತ್ತಾರೆ, ಪಾಳಿ ಹಾಕಿರುತ್ತಾರೆ, ಹಬ್ಬದ ಕಾಲದಲ್ಲಿ ಹೆಚ್ಚಿನ ಜನರನ್ನು ಹೊಂದಿಸಿರುತ್ತಾರೆ. ಸೇರಿದವರು ತಿಂಗಳಲ್ಲೇ ಏಕೆ ಬಿಟ್ಟುಹೋಗುತ್ತಾರೆ ಎಂಬುದೂ ಅವರಿಗೆ ಗೊತ್ತು: ಬಸ್ಸಿನ ತೊಂದರೆ, ದುಬಾರಿ ಬಾಡಿಗೆ, ದಿನವಿಡೀ ನಿಲ್ಲುವ ಕಷ್ಟ, ಗಿರಾಕಿಯ ಮುಂದೆ ಮಾತನಾಡಲು ಅಂಜಿಕೆ. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಆದರೆ ಅಳತೆಗೋಲು ಬದಲಾಗುತ್ತದೆ. ಮಳಿಗೆಯಲ್ಲಿ ದಿನದ ಮಾರಾಟವೇ ಲೆಕ್ಕ. ಇಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎನ್ನುವುದಷ್ಟೇ ಸಾಲದು, ಎಷ್ಟು ಜನ ಅದರಲ್ಲಿ ನೆಲೆ ನಿಂತರು ಎಂಬುದೇ ನಿಜವಾದ ಲೆಕ್ಕ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಇಲ್ಲಿ ಸ್ವಉದ್ಯೋಗಕ್ಕೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತಾರೆ. ತರಬೇತಿ ಕೆಲವು ದಿನ ಅಥವಾ ವಾರಗಳದ್ದು. ನಂತರದ ಒತ್ತಾಸೆ ಮಾತ್ರ ಸುಮಾರು ಎರಡು ವರ್ಷ ಮುಂದುವರಿಯುತ್ತದೆ. ಇದೇ ಮಾದರಿಯ ಮೇಲೆ ಮುಂದೆ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳು ಬಂದವು. ನಾಗಸಂದ್ರದಿಂದ ಮುಂದೆ ನೆಲಮಂಗಲದ ಅರಿಶಿನಕುಂಟೆಯಲ್ಲೂ ರುಡ್‌ಸೆಟ್ ಕೇಂದ್ರವಿದೆ.

ಈ ಕ್ಷೇತ್ರಕ್ಕೆ ಬರಬಯಸುವವರು ಮೊದಲು ನೌಕರಿ ಬಿಡಬೇಕಿಲ್ಲ. ವಾರದ ರಜೆಯಲ್ಲಿ ಒಂದು ತರಬೇತಿ ಕೇಂದ್ರಕ್ಕೆ ಹೋಗಿ ಪಾಠ ಹೇಳಿ ನೋಡಬಹುದು. ಬಳಿಕ ಚಿಲ್ಲರೆ ವ್ಯಾಪಾರ ಕ್ಷೇತ್ರದ ಕೌಶಲ ಮಂಡಳಿಯಾದ ರಾಸ್ಕಿಯ ತರಬೇತುದಾರರ ಪ್ರಮಾಣಪತ್ರ ಪಡೆಯಬಹುದು. ತರಬೇತುದಾರ, ಮಾಲೀಕರೊಡನೆ ಮಾತನಾಡುವ ಪ್ಲೇಸ್‌ಮೆಂಟ್ ಅಧಿಕಾರಿ, ಕೇಂದ್ರದ ವ್ಯವಸ್ಥಾಪಕ ಎಂಬ ಹುದ್ದೆಗಳು ಇಲ್ಲಿವೆ.

ಕಷ್ಟಗಳನ್ನೂ ಮುಚ್ಚಿಡಬಾರದು. ದೊಡ್ಡ ಮಳಿಗೆಯ ಸಂಬಳ, ಇನ್ಸೆಂಟಿವ್ ಇಲ್ಲಿ ಸಿಗದಿರಬಹುದು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಕೊಡಬೇಕು. ಕೌಶಲ ತರಬೇತಿಗೂ ಆ ಹಣ ಬರುತ್ತದೆ, ಆದರೆ ಯೋಜನೆ ಮುಗಿದರೆ ಹುದ್ದೆಯೂ ಮುಗಿಯಬಹುದು. ಆದ್ದರಿಂದ ಸೇರುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಹಣ ಎಷ್ಟು ವರ್ಷಕ್ಕಿದೆ? ಕಳೆದ ವರ್ಷ ಕೆಲಸಕ್ಕೆ ಸೇರಿದವರಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೆ? ಎರಡನೆಯದಕ್ಕೆ ಉತ್ತರ ಕೊಡಲಾಗದ ಸಂಸ್ಥೆಯ ಬಗ್ಗೆ ಎಚ್ಚರವಿರಲಿ.

ಅಂಗಡಿ ವ್ಯವಹಾರದಲ್ಲೇ ಬೆಳೆದ ಕುಟುಂಬಗಳು ನಮ್ಮಲ್ಲಿ ಬಹಳ. ಮನೆಯ ಮಗನೋ ಮಗಳೋ ಮಳಿಗೆ ಬಿಟ್ಟು ಈ ದಾರಿ ಹಿಡಿಯುತ್ತೇನೆ ಎಂದರೆ, ಕಲಿತ ವ್ಯಾಪಾರ ವ್ಯರ್ಥವಾಯಿತೆಂದು ಕೊರಗಬೇಕಿಲ್ಲ. ಅದು ಇನ್ನೊಬ್ಬರ ಮನೆಯ ಒಲೆ ಉರಿಯಲು ನೆರವಾಗುತ್ತದೆ.