ಒಬ್ಬರೇ ಸೈಕಲ್ ತುಳಿದರೆ: ಗಾಳಿಯ ಲೆಕ್ಕ, ಗುಂಡಿಯ ಲೆಕ್ಕ

ಹಾಸ್ಟೆಲ್‌ನಲ್ಲಿ ಸೈಕಲ್ ಇಟ್ಟುಕೊಂಡವರ ಮಧ್ಯೆ ಒಂದು ವಾದ ಮುಗಿಯೋದೇ ಇಲ್ಲ. ಭಾನುವಾರ ಬೆಳಗ್ಗೆ ಒಬ್ಬರೇ ಹೊರಟುಬಿಡೋದಾ, ಇಲ್ಲ ನಾಲ್ಕು ಜನರನ್ನು ಎಬ್ಬಿಸಿಕೊಂಡು ಹೋಗೋದಾ? ಇದನ್ನು ಸ್ವಭಾವದ ಪ್ರಶ್ನೆ ಅಂತ ತಿಳಿಯುವವರೇ ಹೆಚ್ಚು: ಮೌನಿಗಳು ಒಂಟಿಯಾಗಿ, ಮಾತುಗಾರರು ಗುಂಪಿನಲ್ಲಿ. ನಮ್ಮ ಪ್ರಕಾರ ಅದು ಅರ್ಧ ನಿಜ. ಉಳಿದರ್ಧ ನಾವು ಪರೀಕ್ಷೆಗೆ ಓದಿ ಮರೆಯುವ ಫ್ಲೂಯಿಡ್ ಮೆಕ್ಯಾನಿಕ್ಸ್.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಸವಾರ, ಸೈಕಲ್ ಸೇರಿ 80 ಕೆ.ಜಿ. ಅನ್ನೋಣ. ಡ್ರ್ಯಾಗ್ ಏರಿಯಾ 0.4 ಚದರ ಮೀಟರ್, ನಮ್ಮ ಬಯಲುಸೀಮೆಯ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು 1.1. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ಹೋದರೆ ಗಾಳಿಗೆ 38 ವ್ಯಾಟ್, ಟೈರಿನ ಉರುಳುವಿಕೆಗೆ ಸುಮಾರು 26, ಒಟ್ಟು 64. ಅದೇ 30ಕ್ಕೆ ಏರಿಸಿ ನೋಡಿ: ಗಾಳಿಗೇ 127, ಒಟ್ಟು 166 ವ್ಯಾಟ್. ವೇಗ ಒಂದೂವರೆ ಪಟ್ಟು, ದುಡಿಮೆ ಎರಡೂವರೆ ಪಟ್ಟು!

ಇದು ಗಾಳಿ ನಿಂತಿರುವ ದಿನದ ಮಾತು. ಆಷಾಢದಲ್ಲಿ ಚಿತ್ರದುರ್ಗದ ಕಡೆ ಹೋಗಿ ನೋಡಿ, ಗುಡ್ಡದ ತುಂಬಾ ಗಾಳಿಯಂತ್ರ ನೆಟ್ಟಿದ್ದು ಸುಮ್ನೆ ಅಲ್ಲ ಅಂತ ಗೊತ್ತಾಗತ್ತೆ. ಗಂಟೆಗೆ ಬರೀ 10 ಕಿ.ಮೀ. ಎದುರುಗಾಳಿ ಇದ್ದರೂ 20ರ ವೇಗ ಉಳಿಸಿಕೊಳ್ಳಲು 111 ವ್ಯಾಟ್ ಬೇಕು. ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗಿದ್ದರೆ 36 ಸಾಕು. ಹೋಗಿದ್ದಕ್ಕೂ ಬಂದಿದ್ದಕ್ಕೂ ಸರಿಹೋಯ್ತು ಅನ್ನಬೇಡಿ. ಸರಾಸರಿ 73 ಬರುತ್ತದೆ, ಗಾಳಿಯೇ ಇಲ್ಲದ ದಿನದ 64ಕ್ಕಿಂತ ಜಾಸ್ತಿ. ಹಾಗಾಗಿ ಒಂಟಿಯಾಗಿ ಹೊರಡುವವರು ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಸಿಗುವ ದಿಕ್ಕನ್ನೇ ಆರಿಸಿಕೊಳ್ಳಬೇಕು. ಸುಸ್ತಾದ ಮೇಲೆ ಎದುರುಗಾಳಿ ಸಿಕ್ಕರೆ ಮೆಸ್ಸಿನ ಊಟದ ಹೊತ್ತಿಗೆ ತಲುಪೋದು ಕಷ್ಟ.

ಗುಂಪಿನ ದೊಡ್ಡ ಲಾಭ ಇರುವುದು ಇಲ್ಲೇ. ಮುಂದಿನ ಸವಾರರ ಚಕ್ರಕ್ಕೆ ಹತ್ತಿರವಾಗಿ ಹಿಂಬಾಲಿಸಿದರೆ ಗಾಳಿಯ ತಡೆ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಇದು ಎಷ್ಟು ದೊಡ್ಡದು ಅನ್ನೋದಕ್ಕೆ ಇಟಲಿಯ ಫಿಲಿಪ್ಪೊ ಗನ್ನಾ ಒಳ್ಳೆಯ ಉದಾಹರಣೆ. ಅವರು 2022ರಲ್ಲಿ ಟ್ರ್ಯಾಕಿನ ಮೇಲೆ ಒಬ್ಬರೇ 4 ಕಿ.ಮೀ.ಯನ್ನು 3 ನಿಮಿಷ 59.636 ಸೆಕೆಂಡಿನಲ್ಲಿ ಮುಗಿಸಿದಾಗ ಅದು ವಿಶ್ವದಾಖಲೆ. ಅದರ ಹಿಂದಿನ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದೇ ಗನ್ನಾ ಇನ್ನು ಮೂವರ ಜೊತೆ, ಸರದಿಯಲ್ಲಿ ಮುಂದೆ ನಿಲ್ಲುತ್ತಾ, ಅಷ್ಟೇ ದೂರವನ್ನು 3 ನಿಮಿಷ 42.032 ಸೆಕೆಂಡಿನಲ್ಲಿ ಮುಗಿಸಿದ್ದರು. ಹದಿನೇಳು ಸೆಕೆಂಡಿಗೂ ಹೆಚ್ಚಿನ ವ್ಯತ್ಯಾಸ.

ಹಾಗಾದರೆ ಗುಂಪೇ ಸರಿಯಾ? ಸ್ವಲ್ಪ ತಡೀರಿ. ಗನ್ನಾ ಓಡಿಸಿದ್ದು ನುಣುಪಾದ ಟ್ರ್ಯಾಕಿನಲ್ಲಿ. ನಮ್ಮದು ಹಂಪು, ಗುಂಡಿ, ಒಣಗಲು ಹರಡಿದ ರಾಗಿಯ ರಸ್ತೆ. 30ರ ವೇಗದಲ್ಲಿ ನಾವು ಸೆಕೆಂಡಿಗೆ 8.3 ಮೀಟರ್ ಹೋಗ್ತಿರ್ತೀವಿ. ಮುಂದಿನ ಚಕ್ರಕ್ಕೂ ನಮಗೂ ಅರ್ಧ ಮೀಟರ್ ಅಂತರ ಅಂದರೆ 0.06 ಸೆಕೆಂಡು. ಕಣ್ಣು ಕಂಡು ಕೈ ಬ್ರೇಕ್ ಹಿಡಿಯಲು ಅದರ ಎಷ್ಟೋ ಪಟ್ಟು ಸಮಯ ಬೇಕು. ಮುಂದಿನವರು ಗುಂಡಿ ತಪ್ಪಿಸಿಕೊಂಡರೆ ಅದು ನಮಗೆ ಕಾಣುವುದು ಚಕ್ರ ಅದರೊಳಗೆ ಇಳಿದ ಮೇಲೆ. ಕೈಸನ್ನೆ ಅಭ್ಯಾಸ ಇಲ್ಲದ ಗೆಳೆಯರ ಹಿಂದೆ ಅಂಟಿಕೊಂಡು ಹೋಗಿ ಮೂವತ್ತು ನಲವತ್ತು ವ್ಯಾಟ್ ಉಳಿಸೋದು ದುಬಾರಿ ವ್ಯಾಪಾರ. ಒಂಟಿ ಸವಾರರಿಗೆ ರಸ್ತೆ ಪೂರ್ತಿ ಕಾಣುತ್ತದೆ, ಹಿಂದಿನಿಂದ ಬರುವ ಲಾರಿಯೂ ಕೇಳಿಸುತ್ತದೆ. ಆದರೆ ಲಾರಿಯವನ ಕಣ್ಣಿಗೆ ಐದು ಸೈಕಲ್‌ಗಳಷ್ಟು ಸುಲಭವಾಗಿ ಒಂದು ಸೈಕಲ್ ಬೀಳಲ್ಲ. ಹಗಲಲ್ಲೂ ಹಿಂದೆ ಕೆಂಪು ದೀಪ ಇರಲಿ.

ಬೆಟ್ಟದಲ್ಲಂತೂ ಜೊತೆಯ ಲೆಕ್ಕವೇ ಬಿದ್ದುಹೋಗುತ್ತೆ. ನಂದಿಬೆಟ್ಟದಂಥ ಕಡೆ, ಶೇ. 6ರ ಏರಿನಲ್ಲಿ ಗಂಟೆಗೆ 9 ಕಿ.ಮೀ. ಹತ್ತುತ್ತಿದ್ದರೆ ಗುರುತ್ವಕ್ಕೆ ಸುಮಾರು 118 ವ್ಯಾಟ್ ಹೋಗುತ್ತದೆ, ಗಾಳಿಗೆ ಮೂರೋ ನಾಲ್ಕೋ. ಅಲ್ಲಿ ಯಾರ ಬೆನ್ನ ಹಿಂದೆ ಅಡಗಿದರೂ ಉಳಿಯೋದು ಒಂದು ವ್ಯಾಟ್. ಅದೂ ಅಲ್ಲದೆ ತೂಕ, ದಮ್ಮು ಒಬ್ಬೊಬ್ಬರದ್ದು ಒಂದೊಂದು ಥರ. 55 ಕೆ.ಜಿ.ಯವರ ಜೊತೆ 80 ಕೆ.ಜಿ.ಯವರು ಹಟಕ್ಕೆ ಬಿದ್ದು ಹತ್ತಿದರೆ ಮೂರನೇ ತಿರುವಿಗೆ ಏದುಸಿರು. ಏರನ್ನು ಅವರವರ ವೇಗದಲ್ಲಿ ಹತ್ತಿ, ಮೇಲೆ ಕಾಯೋದು ವಾಸಿ.

ದೂರದ ಬಗ್ಗೆ ಹೆದರಬೇಕಿಲ್ಲ. ಬ್ರೆವೆ ಸವಾರಿಯಲ್ಲಿ 200 ಕಿ.ಮೀ.ಗೆ 13.5 ಗಂಟೆ ಕೊಡುತ್ತಾರೆ, ಅಂದರೆ ಟೀ, ತಿಂಡಿ ಎಲ್ಲ ಸೇರಿ ಗಂಟೆಗೆ 15 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಆ ವೇಗದಲ್ಲಿ ಗಾಳಿ ಅಷ್ಟೇನೂ ಕಾಡುವುದಿಲ್ಲ, ಒಬ್ಬರೇ ಮುಗಿಸಬಹುದು.

ಒಂಟಿ ಸವಾರಿಯ ನಿಜವಾದ ಕೊರತೆ ಬೇರೆ. ಬಿದ್ದರೆ ಫೋನ್ ಮಾಡಲು ಇನ್ನೊಂದು ಕೈ ಇಲ್ಲ. ಬಿಸಿಲಿಗೆ ಮಾತು ತೊದಲುತ್ತಿದೆ, ಕೂತ್ಕೋ ಅನ್ನಲು ಯಾರೂ ಇಲ್ಲ. ನೀರು ಕಡಿಮೆಯಾದ ತಲೆಗೆ ತನ್ನ ಸ್ಥಿತಿ ತನಗೇ ತಿಳಿಯೋದಿಲ್ಲ. ಕತ್ತಲೆ ರಸ್ತೆಯ ವಿಷಯದಲ್ಲಿ ನಮ್ಮ ಗೆಳತಿಯರ ಲೆಕ್ಕ ಬೇರೆಯೇ ಇದೆ, ಅದು ವ್ಯಾಟ್‌ನಲ್ಲಿ ಸಿಗೋದಿಲ್ಲ. ಅದಕ್ಕೇ ಹೊರಡುವ ಮುನ್ನ ರೂಮ್‌ಮೇಟ್‌ಗೆ ಹೋಗುವ ದಾರಿ, ವಾಪಸ್ ಬರುವ ಸಮಯ ಎರಡನ್ನೂ ಹೇಳಿ, ಫೋನಿನ ಲೈವ್ ಲೊಕೇಶನ್ ಕಳಿಸಿ. ತುರ್ತಿಗೆ 112. ಜೇಬಲ್ಲಿ ರಕ್ತದ ಗುಂಪು, ಮನೆಯ ನಂಬರ್ ಬರೆದ ಚೀಟಿ ಇರಲಿ. ಲಾಕ್ ಆದ ಫೋನ್ ದಾರಿಹೋಕರಿಗೆ ಉಪಯೋಗಕ್ಕೆ ಬರದೇ ಇರಬಹುದು.

ಸ್ಪೇರ್ ಟ್ಯೂಬ್, ಎರಡು ಟೈರ್ ಲಿವರ್, ಸಣ್ಣ ಪಂಪ್ ಇಲ್ಲದೆ ಗೇಟು ದಾಟಬೇಡಿ. ಪಂಕ್ಚರ್ ಅಂಗಡಿ ಹಳ್ಳಿಹಳ್ಳಿಯಲ್ಲೂ ಇದೆ, ನಿಜ. ಆದರೆ ಹಲವು ರೋಡ್ ಬೈಕ್‌ಗಳಲ್ಲಿರುವ ತೆಳು ಪ್ರೆಸ್ಟಾ ವಾಲ್ವ್‌ಗೆ ಅಲ್ಲಿನ ಸ್ಕೂಟರ್ ಪಂಪಿನ ಬಾಯಿ ಕೂರೋದಿಲ್ಲ. ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಒಂದು ಸಿಗುತ್ತದೆ. ಅದನ್ನು ಈಗಲೇ ವಾಲ್ವ್‌ಗೆ ತಿರುಗಿಸಿ ಇಟ್ಟುಬಿಡಿ, ಬ್ಯಾಗಿನಲ್ಲಿ ಹಾಕಿದರೆ ಬೇಕಾದಾಗ ಕೈಗೆ ಸಿಗಲ್ಲ.