ಮೌಂಟ್ ಮೇರಿ ಹಬ್ಬಕ್ಕೆ ಮೊದಲ ಸಲ ಮುಂಬಯಿಗೆ ಹೊರಟವರಿಗೆ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಹಬ್ಬ ಹತ್ತಿರ ಬಂತೆಂದರೆ ಬೇಡಕಿಹಾಳ, ನಿಪ್ಪಾಣಿ, ಚಿಕ್ಕೋಡಿ ಕಡೆಯ ಒಂದೆರಡು ಕುಟುಂಬಗಳಾದರೂ ಪೂಜೆಯ ನಂತರ ನನ್ನ ಬಳಿ ನಿಂತು ಕೇಳುತ್ತವೆ: "ಫಾದರ್, ಬಾಂದ್ರಾ ಮೌಂಟ್ ಮೇರಿಗೆ ಹರಕಿ ಐತ್ರಿ. ಮುಂಬಯಿ ನೋಡಿಲ್ಲ. ಹೆಂಗ ಹೋಗೂದ್ರಿ?" ಅವರಿಗಾಗಿ ಈ ಬರಹ.

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ನಜರೇತು ಸಣ್ಣ ಹಳ್ಳಿ. ಪಾಸ್ಕ ಹಬ್ಬದ ಜೆರುಸಲೇಮು ಜನಸಾಗರ. ಸಂತ ಜೋಸೆಫರೂ ಮರಿಯಮ್ಮನವರೂ ಹನ್ನೆರಡು ವರ್ಷದ ಯೇಸುವನ್ನು ಕರೆದುಕೊಂಡು ಹೋಗಿ, ಹಬ್ಬ ಮುಗಿಸಿ ಹೊರಟರು. ಮಗ ನಮ್ಮ ಜನರ ಜೊತೆ ಎಲ್ಲೋ ಇದ್ದಾನೆಂದುಕೊಂಡೇ ಒಂದು ದಿನದ ದಾರಿ ನಡೆದರು. ಹುಡುಕಿದರೆ ಅವನಿಲ್ಲ. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಗುಂಪಿನಲ್ಲಿ ಹೋಗುವವರಿಗೆ ಸುಲಭವಾಗಿ ಆಗುವ ತಪ್ಪು ಇದು.

ಕೆಲವು ವರ್ಷಗಳ ಹಿಂದೆ ನಮಗೂ ಇದೇ ಆಯಿತು. ಹದಿನಾಲ್ಕು ಜನ ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ, ಲೋಕಲ್ ಗಾಡಿ ಹತ್ತಿದೆವು. ಬಾಂದ್ರಾದಲ್ಲಿ ಇಳಿದಾಗ ಒಂಬತ್ತು ವರ್ಷದ ಹುಡುಗನೊಬ್ಬ ಕಾಣಲಿಲ್ಲ. ತಾಯಿ, "ಅವರಪ್ಪನ ಕೂಡ ಅದಾನ ಅಂದ್ಕೊಂಡಿದ್ನಿರಿ" ಎಂದಳು. ಮಹಿಳೆಯರ ಡಬ್ಬಿಯಲ್ಲಿ ತಾಯಿಯ ಜೊತೆ ಇದ್ದಾನೆಂದು ಅಪ್ಪ ತಿಳಿದಿದ್ದ. ನಾನು? ದಾದರ್‌ನಲ್ಲಿ ಚೀಲಗಳನ್ನು ಎಣಿಸಿದ್ದೆ, ಜನರನ್ನು ಎಣಿಸಿರಲಿಲ್ಲ. ತಪ್ಪು ನನ್ನದೇ. ನಾನೂ ಹುಡುಗನ ಅಪ್ಪನೂ ತಿರುಗಿ ಹೋದೆವು. ಸೇತುವೆಯ ಮೆಟ್ಟಿಲ ಬಳಿ ಹೂವು ಮಾರುವ ಹೆಂಗಸೊಬ್ಬಳು ಅವನನ್ನು ತನ್ನ ಬುಟ್ಟಿಯ ಪಕ್ಕ ಕೂರಿಸಿಕೊಂಡಿದ್ದಳು. ನಮ್ಮ ಗಡಿ ಊರಿನ ಮರಾಠಿಯಲ್ಲಿ ಅವನು ತನ್ನ ಕಥೆಯನ್ನೆಲ್ಲ ಅವಳಿಗೆ ಹೇಳಿ ಮುಗಿಸಿದ್ದ. ಅಪ್ಪನ ಫೋನ್ ನಂಬರು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಅವನ ತಾಯಿ ಹೇಳಿದಷ್ಟು ಜಪಸರವನ್ನು ನಾವ್ಯಾರೂ ಇಡೀ ಯಾತ್ರೆಯಲ್ಲಿ ಹೇಳಲಿಲ್ಲ.

ಆದ್ದರಿಂದ ಹೊರಡುವ ಮೊದಲೇ ಒಂದು ಮಾತು ಗೊತ್ತುಮಾಡಿಕೊಳ್ಳಿ. ಹಿಂದೆ ಉಳಿದವರು ಉಳಿದ ಜಾಗದಲ್ಲೇ ನಿಲ್ಲಬೇಕು, ಹುಡುಕುತ್ತ ಅಲೆಯಬಾರದು. ಮುಂದೆ ಹೋದವರಲ್ಲಿ ಒಬ್ಬರು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗಬೇಕು. ಪ್ರತಿ ಮಗುವಿನ ಜೇಬಿನಲ್ಲೂ, ಹಿರಿಯರ ಸೆರಗಿನ ಗಂಟಿನಲ್ಲೂ ಎರಡು ಫೋನ್ ನಂಬರು ಬರೆದ ಚೀಟಿ ಇರಲಿ. ಮೊಬೈಲಿನಲ್ಲಿ ಇದೆಯಲ್ಲ ಎನ್ನಬೇಡಿ. ಹಬ್ಬದ ಗದ್ದಲದಲ್ಲಿ ಮೊದಲು ಕಳೆಯುವುದೇ ಮೊಬೈಲು. ರೈಲಿನಲ್ಲಿ ತೊಂದರೆಯಾದರೆ 139, ಮಗು ಕಾಣದಿದ್ದರೆ 1098, ಪೊಲೀಸರಿಗೆ 112.

ನಮ್ಮ ಭಾಗದವರಿಗೆ ಕೊಲ್ಹಾಪುರದಿಂದ ಮೀರಜ್ ಮೇಲೆ ಹೋಗುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಅನುಕೂಲ. ರಾತ್ರಿ ಹತ್ತಿದರೆ ಬೆಳಿಗ್ಗೆ ಮುಂಬಯಿ. ಎರಡು ತಿಂಗಳು ಮೊದಲೇ ಸೀಟು ಕಾಯ್ದಿರಿಸಬಹುದು. ಹಬ್ಬದ ವಾರದ ಟಿಕೆಟನ್ನು ಕೊನೆಗೆ ಬಿಡಬೇಡಿ. ಬಾಂದ್ರಾಕ್ಕೆ ಹೋಗುವವರು ದಾದರ್‌ನಲ್ಲೇ ಇಳಿಯಬೇಕು. ಕಲ್ಯಾಣ ದಾಟುತ್ತಲೇ ಗಂಟುಮೂಟೆ ಸಿದ್ಧವಾಗಿರಲಿ. ದಾದರ್‌ನಲ್ಲಿ ಸೇತುವೆ ದಾಟಿ ಪಶ್ಚಿಮ ರೈಲ್ವೆ ಕಡೆಗೆ ಹೋಗಿ, ಅಂಧೇರಿ ಅಥವಾ ಬೋರಿವಲಿ ಕಡೆಯ ಸ್ಲೋ ಗಾಡಿ ಹಿಡಿಯಿರಿ. ಮಾಟುಂಗಾ ರೋಡ್, ಮಾಹಿಮ್, ಮೂರನೆಯದು ಬಾಂದ್ರಾ. ಲೋಕಲ್ ಗಾಡಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಗಾಡಿ ಚಲಿಸತೊಡಗಿದರೆ ಬಿಟ್ಟುಬಿಡಿ, ಕೆಲವೇ ನಿಮಿಷದಲ್ಲಿ ಇನ್ನೊಂದು ಬರುತ್ತದೆ. ಸಾಮಾನ್ಯ ಟಿಕೆಟ್ ಹಿಡಿದು ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದರೆ ದಂಡ ಕಟ್ಟಬೇಕು. ಹೊರಗೆ ಬರೆದಿರುತ್ತದೆ, ನೋಡಿ ಹತ್ತಿ.

ಬಾಂದ್ರಾದಲ್ಲಿ ಪಶ್ಚಿಮದ ಬಾಗಿಲಿನಿಂದ ಹೊರಬನ್ನಿ. ಹಬ್ಬದ ದಿನಗಳಲ್ಲಿ ಗುಡ್ಡಕ್ಕೆ ಬೆಸ್ಟ್ ಸಂಸ್ಥೆಯ ಹೆಚ್ಚಿನ ಬಸ್ಸುಗಳು ಓಡುತ್ತವೆ. ಆಟೋ ಸಿಗುವುದೂ ಬಾಂದ್ರಾದಿಂದ ಉತ್ತರಕ್ಕೆ ಮಾತ್ರ. ಮಾಹಿಮ್‌ನಿಂದ ದಕ್ಷಿಣಕ್ಕೆ ಟ್ಯಾಕ್ಸಿಯೇ ಗತಿ.

ಹಬ್ಬ ಸೆಪ್ಟೆಂಬರ್ 8ರಂದು ಅಥವಾ ಅದರ ನಂತರ ಬರುವ ಭಾನುವಾರ ಆರಂಭವಾಗಿ ಎಂಟು ದಿನ ನಡೆಯುತ್ತದೆ. ಎರಡು ಭಾನುವಾರಗಳೂ ವಿಪರೀತ ದಟ್ಟಣೆ. ವಯಸ್ಸಾದವರಿದ್ದರೆ ನಡುವಿನ ಒಂದು ದಿನ, ಬೆಳಗಿನ ಬಲಿಪೂಜೆಗೆ ಹೋಗಿ. ಮಾತೆ ಭಾನುವಾರದ ಭಕ್ತರಿಗೆ ಮಾತ್ರ ಕಿವಿಗೊಡುವವರಲ್ಲ. ಮಳೆ ಇನ್ನೂ ಬಿಟ್ಟಿರುವುದಿಲ್ಲ, ಕೊಡೆ ಇರಲಿ.

ಈಗಿನ ದೇವಾಲಯ 1904ರದು. 1954ರಲ್ಲಿ ಅದು ಬೆಸಿಲಿಕಾ ಆಯಿತು. ಸಮುದ್ರದಲ್ಲಿ ತೇಲುತ್ತಿದ್ದ ಮಾತೆಯ ಸ್ವರೂಪ ಕೋಳಿ ಬೆಸ್ತರಿಗೆ ಸಿಕ್ಕಿತೆಂಬುದು ಅಲ್ಲಿಯ ಐತಿಹ್ಯ. ಕ್ರೈಸ್ತರಲ್ಲದವರೂ ಅವರನ್ನು 'ಮೋತ್ ಮಾವುಲಿ' ಎಂದು ಕರೆದು ಹೂವು ಒಪ್ಪಿಸುತ್ತಾರೆ. ದಾರಿಯುದ್ದಕ್ಕೂ ಅಂಗಡಿಗಳಲ್ಲಿ ಮೇಣದ ಕೈ, ಕಾಲು, ಮನೆ, ತೊಟ್ಟಿಲ ಕೂಸು ಮಾರುತ್ತಾರೆ. ದೊಡ್ಡದನ್ನೇ ಕೊಳ್ಳಿರೆಂದು ಒತ್ತಾಯಿಸುವವರೂ ಇದ್ದಾರೆ. ಸಣ್ಣ ಮೇಣದಬತ್ತಿ ಸಾಕು. ಸಾಲ ಮಾಡಿ ಹರಕೆ ತೀರಿಸಿದರೆ, ಊರಿಗೆ ಬಂದ ಮೇಲೆ ಆ ಸಾಲ ತೀರಿಸುವುದೇ ಇನ್ನೊಂದು ಹರಕೆಯಾದೀತು.

ದರ್ಶನವಾದ ಮೇಲೆ ಮಕ್ಕಳು ಸಮುದ್ರ ಕೇಳುತ್ತಾರೆ. ನಮಗೆ ಗೊತ್ತಿರುವುದು ದೂಧಗಂಗಾ, ಕೃಷ್ಣೆಯರ ನೆರೆ; ಅದು ವರ್ಷಕ್ಕೊಮ್ಮೆ ಬರುವಂಥದ್ದು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ. ಗುಡ್ಡದ ಕೆಳಗಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ನೀರು ಇಳಿದಾಗ ಬಂಡೆಗಳ ಮೇಲೆ ದೂರ ನಡೆದುಹೋಗಬಹುದೆನಿಸುತ್ತದೆ. ಹೋಗಬೇಡಿ. ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ಹಿಂದಿನ ದಾರಿಗೆ ನೀರು ಬಂದಿರುತ್ತದೆ, ಪಾಚಿ ಜಾರುತ್ತದೆ. ದಂಡೆಯ ಕಟ್ಟೆಯ ಮೇಲೆ ಕೂತು ನೋಡಿದರೂ ಅದು ಅದೇ ಸಮುದ್ರ.

ಹಡಗು ನೋಡಬೇಕೆಂದರೆ ಬಾಂದ್ರಾದಲ್ಲಲ್ಲ, ನಗರದ ಪೂರ್ವ ದಂಡೆಗೆ ಹೋಗಬೇಕು. ಬಂದರು ಇರುವುದು ಅಲ್ಲಿ. 1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಿಂತರೆ ದೊಡ್ಡ ಹಡಗುಗಳು ಕಾಣುತ್ತವೆ. ಅಲ್ಲಿಂದ ಎಲಿಫೆಂಟಾ ಗುಹೆಗಳಿಗೆ ದೋಣಿಯಲ್ಲಿ ಸುಮಾರು ಒಂದು ಗಂಟೆ. ಭಾನುವಾರ ಹಬ್ಬ ಮುಗಿಸಿ ಸೋಮವಾರ ಗುಹೆ ನೋಡೋಣವೆಂದು ಉಳಿಯುವವರು ನಿರಾಶರಾಗುತ್ತಾರೆ, ಸೋಮವಾರ ಗುಹೆಗಳಿಗೆ ರಜೆ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ನೌಕಾಪಡೆಯ ದೋಣಿಯೊಂದು ಪ್ರಯಾಣಿಕರ ದೋಣಿಗೆ ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಲೈಫ್ ಜಾಕೆಟ್ ಕೇಳಿ ಪಡೆಯಿರಿ. ಸೆಕೆಯೆಂದು ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳಬೇಡಿ. ಮಕ್ಕಳಿಗೆ ಮೊದಲು ಕಟ್ಟಿ. ಗಾಳಿಮಳೆ ಜೋರಿದ್ದರೆ ದೋಣಿಯ ಆಸೆ ಬಿಡಿ.

ತಂಗುವ ಜಾಗವನ್ನು ಊರಿನಿಂದಲೇ ಗೊತ್ತುಮಾಡಿಕೊಂಡು ಹೋಗಿ. ಆಧಾರ್ ಕಾರ್ಡು ಎಲ್ಲರ ಬಳಿಯೂ ಇರಲಿ. ಹಣವನ್ನು ಒಬ್ಬರೇ ಹೊರಬೇಡಿ, ಮೂರು ನಾಲ್ಕು ಜನರಲ್ಲಿ ಹಂಚಿ. ಭಾಷೆಯ ಹೆದರಿಕೆ ನಮ್ಮವರಿಗೆ ಬೇಡ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡಿ ಬೆಳೆದವರು ನಾವು. ದಾರಿ ಕೇಳುವಾಗ ನಾಚಿಕೊಂಡು ಸುಮ್ಮನೆ ನಡೆದವರೇ ಮುಂಬಯಿಯಲ್ಲಿ ದಾರಿ ತಪ್ಪುತ್ತಾರೆ.

ಹಿಂದಿರುಗುವಾಗ ದಾದರ್‌ನಲ್ಲಿ ಹತ್ತಲು ಹೋಗಬೇಡಿ, ಗಾಡಿ ಹೊರಡುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೇ ಹೋಗಿ. ಅಲ್ಲಿ ಗಾಡಿ ನಿಂತಿರುತ್ತದೆ, ನಿಧಾನವಾಗಿ ಹತ್ತಬಹುದು. ಎಲ್ಲರೂ ಕೂತ ಮೇಲೆ ಒಬ್ಬೊಬ್ಬರ ಹೆಸರು ಕರೆದು ಎಣಿಸಿ, ಚೀಲಗಳ ಲೆಕ್ಕ ಆಮೇಲೆ.