ಮಳೆಗಾಲದ ಸಂಸಾರ

ಮಳೆಯನ್ನು ಕುರಿತು ಕವಿಗಳು ಬರೆದಿರುವಷ್ಟನ್ನು ಮಳೆನಾಡಿನ ಗೃಹಿಣಿಯರು ಬರೆದಿದ್ದರೆ, ನಮ್ಮ ಸಾಹಿತ್ಯದಲ್ಲಿ ಮೇಘಗರ್ಜನೆಗಿಂತ ಒಣಗದ ಬಟ್ಟೆಯ ಪ್ರಸ್ತಾಪವೇ ಹೆಚ್ಚಾಗಿರುತ್ತಿತ್ತು. ಹೊರಗೆ ನಿಂತು ನೋಡುವವನಿಗೆ ಮಳೆ ಒಂದು ದೃಶ್ಯ. ಒಳಗಿದ್ದು ಸಂಸಾರ ತೂಗಿಸುವವರಿಗೆ ಅದು ನಾಲ್ಕು ತಿಂಗಳು ಠಿಕಾಣಿ ಹೂಡುವ ನೆಂಟ. ಆಗುಂಬೆಯ ಆಸುಪಾಸಿನ ಹಳ್ಳಿಯೊಂದರಲ್ಲಿ ನಾನೂ ನನ್ನಾಕೆಯೂ ಮೂವತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಕಳೆದಿದ್ದೇವೆ. ಕಾಡು ಸುತ್ತುವ ಹುಚ್ಚು ಇಬ್ಬರಿಗೂ ಉಂಟು. ಆದುದರಿಂದ ಈ ನೆಂಟನ ಎರಡು ಮುಖಗಳನ್ನೂ ಕುರಿತು ನಾಲ್ಕು ಮಾತು ಹೇಳುವ ಅಧಿಕಾರ ತಕ್ಕಮಟ್ಟಿಗೆ ನಮಗಿದೆಯೆಂದು ಭಾವಿಸಿದ್ದೇನೆ.

ಅರಬ್ಬೀ ಸಮುದ್ರದ ನೀರುಂಡು ಬರುವ ನೈಋತ್ಯ ಮಾರುತಕ್ಕೆ ಸಹ್ಯಾದ್ರಿಯೇ ಅಡ್ಡಗೋಡೆ. ಆ ಗೋಡೆಯನ್ನೇರುವಾಗ ಗಾಳಿ ತಣಿಯುತ್ತದೆ. ತಣಿದ ಗಾಳಿ ತಾನು ಹೊತ್ತ ನೀರನ್ನು ಇಳಿಸಲೇಬೇಕು. ಆಗುಂಬೆ ಇರುವುದು ಈ ಗೋಡೆಯ ನೆತ್ತಿಯ ಮೇಲೆ. ಅಲ್ಲಿಯ ವರ್ಷದ ಸರಾಸರಿ ಮಳೆ ಸುಮಾರು 7,500 ಮಿಲಿಮೀಟರ್. ಹಳಬರ ಲೆಕ್ಕದಲ್ಲಿ 300 ಅಂಗುಲಕ್ಕೆ ಸಮೀಪ. ನನ್ನಾಕೆ ಹುಟ್ಟಿ ಬೆಳೆದದ್ದು ಚಳ್ಳಕೆರೆಯ ಕಡೆ. ಅಲ್ಲಿ ವರ್ಷದ ಮಳೆಯನ್ನೆಲ್ಲ ಕೂಡಿಸಿದರೂ 500 ಮಿಲಿಮೀಟರ್ ಮುಟ್ಟುವುದು ಕಷ್ಟ. ಇಲ್ಲಿ ಜುಲೈ ತಿಂಗಳ ಒಂದು ವಾರ ಸಾಕು. ಮದುವೆಯಾಗಿ ಬಂದ ಮೊದಲ ಆರಿದ್ರೆ ಮಳೆಯಲ್ಲಿ ಆಕೆ ಮೂರು ದಿನ ಜಗುಲಿಯಲ್ಲಿ ಮೌನವಾಗಿ ಕುಳಿತು ನೋಡಿದಳು. ನಾಲ್ಕನೆಯ ದಿನ, "ಇದನ್ನ ನಿಲ್ಲಿಸೋರು ಯಾರೂ ಇಲ್ವೇನ್ರಿ?" ಎಂದು ಕೇಳಿದಳು. ಬಯಲುಸೀಮೆಯ ಮಗಳಿಗೆ ಬೇಡುವಷ್ಟು ನೀರು ದೊರಕಿದಾಗ ಹುಟ್ಟಿದ ಪ್ರಶ್ನೆ ಅದು!

ಮಲೆನಾಡಿನ ಮಳೆಗಾಲ ಪಂಚಾಂಗದಲ್ಲಿ ಮೃಗಶಿರೆಗೆ ಆರಂಭವಾದರೂ ಮನೆಯಲ್ಲಿ ವೈಶಾಖಕ್ಕೇ ಆರಂಭವಾಗುತ್ತದೆ. ಒಡೆದ ಹಂಚು ಬದಲಾಯಿಸಬೇಕು. ಮಣ್ಣಿನ ಗೋಡೆಗೆ ಇರಚಲು ತಾಗದಂತೆ ಅಡಕೆಯ ಸೋಗೆಯ ತಟ್ಟಿ ಕಟ್ಟಬೇಕು. ಹಲಸಿನ ಹಪ್ಪಳ ಡಬ್ಬಿ ಸೇರಬೇಕು, ಮಾವಿನ ಮಿಡಿ ಉಪ್ಪಿನಲ್ಲಿ ಮುಳುಗಬೇಕು. ಎಲ್ಲಕ್ಕೂ ಮಿಗಿಲಾಗಿ ಸೌದೆ. ಸೌದೆ ಒಣಗಿದ್ದರೆ ಬಚ್ಚಲ ಹಂಡೆ ಬಿಸಿಯಾಗಿರುತ್ತದೆ. ಬಚ್ಚಲ ಒಲೆ ಉರಿದರೆ ಅದರ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗುತ್ತದೆ. ನಮ್ಮ ಮನೆಯವರೆಲ್ಲರ ಮೈಯಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ಹೊಗೆಯ ವಾಸನೆ ಬರುತ್ತದೆ. ಅದನ್ನು ನಾವು ಊರಿನ ಅತ್ತರು ಎನ್ನುತ್ತೇವೆ.

ತೋಟದ ಚಿಂತೆ ಬೇರೆ. ಮಳೆ ಬಿಡದೆ ಹಿಡಿದರೆ ಅಡಕೆಗೆ ಕೊಳೆರೋಗ. ಎಳೆಯ ಕಾಯಿಗಳು ಕೊಳೆತು ರಾಶಿರಾಶಿಯಾಗಿ ಉದುರುತ್ತವೆ. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಅಧ್ಯಯನವನ್ನು ಪ್ರಕಟಿಸಿದರು; ಬೋರ್ಡೋ ದ್ರಾವಣದ ಸಿಂಪಡಣೆ ಬಳಕೆಗೆ ಬಂದದ್ದು ಅಂಥವರ ಶ್ರಮದಿಂದ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಮ್ಮೆ, ಹೊಳವು ಸಿಕ್ಕಾಗ ಮತ್ತೊಮ್ಮೆ. ಹೊಳವು ಸಿಗದಿದ್ದರೆ ವರ್ಷದ ಅನ್ನ ಕಣ್ಣೆದುರಿಗೇ ನೆಲಕ್ಕೆ ಬೀಳುವುದನ್ನು ನೋಡಬೇಕು.

ಇಷ್ಟೆಲ್ಲದರ ನಡುವೆ ನಮ್ಮ ತಿರುಗಾಟ. ಕುಂದಾದ್ರಿಯ ನೆತ್ತಿಯ ಪಾರ್ಶ್ವನಾಥ ಬಸದಿಯ ಬಳಿ ನಿಂತು ಮೋಡ ನಮ್ಮ ಕಾಲ ಕೆಳಗೆ ಹಾದುಹೋಗುವುದನ್ನು ನೋಡಿದ್ದೇವೆ. ಕೆಳದಿ ನಾಯಕರ ಕವಲೇದುರ್ಗಕ್ಕೆ ಕಲ್ಲುಹಾಸಿನ ದಾರಿಯಲ್ಲಿ ಜಾರುತ್ತ ಹತ್ತಿದ್ದೇವೆ. 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಮಾತ್ರ ಮಳೆ ಹಿಂದೆಗೆದ ಮೇಲೆಯೇ ಏರುವುದು ನಮ್ಮ ನಿಯಮ. ಉಂಬಳಗಳ ಕಾಟಕ್ಕೆ ಹೊಗೆಸೊಪ್ಪು, ಸುಣ್ಣವನ್ನು ಕಾಲಿಗೆ ಬಳಿದುಕೊಳ್ಳುತ್ತೇವೆ. ಆದರೂ ಒಂದೆರಡು ತಮ್ಮ ಕಂದಾಯವನ್ನು ವಸೂಲು ಮಾಡದೆ ಬಿಡುವುದಿಲ್ಲ. ಅವುಗಳ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿರುವುದರಿಂದ ಉಂಬಳ ಕಳಚಿ ಬಿದ್ದ ಮೇಲೂ ನೆತ್ತರು ಬಹಳ ಹೊತ್ತು ಒಸರುತ್ತಲೇ ಇರುತ್ತದೆ.

ಕಾಡಿನಲ್ಲಿ ಮುಂದೆ ನಡೆಯುವವನು ನಾನು, ನಿಲ್ಲಿಸುವವಳು ಆಕೆ. ಕೆಲವು ವರ್ಷಗಳ ಹಿಂದೆ ಪುನರ್ವಸು ಮಳೆಯ ಒಂದು ಸಂಜೆ ತಿರುಗಾಟ ಮುಗಿಸಿ ಹಿಂತಿರುಗುತ್ತಿದ್ದೆವು. ಬೆಳಿಗ್ಗೆ ಪಾದ ತೋಯಿಸಿದ್ದ ಹಳ್ಳ ಕೆಂಪಾಗಿ ಮೊರೆಯುತ್ತಿತ್ತು. ಅದರ ಮೇಲೆ ಅಡಕೆ ದಬ್ಬೆಯ ಸಂಕ ಇನ್ನೂ ಗಟ್ಟಿಯಾಗಿಯೇ ನಿಂತಿತ್ತು. ನೀರು ಅದಕ್ಕಿಂತ ಒಂದು ಗೇಣು ಕೆಳಗೆ. ಆಚೆ ದಡದ ತೋಟದಾಚೆಗೆ ನಮ್ಮ ಮನೆಯ ಬಚ್ಚಲ ಹೊಗೆ ಕಾಣುತ್ತಿತ್ತು. ಹದಿನೈದು ಹೆಜ್ಜೆಯ ದಾರಿ. ಆಕೆ ನೀರನ್ನೇ ದಿಟ್ಟಿಸಿ, "ಬೇಡ, ಕಸಕಡ್ಡಿ ಬರ್ತಿದೆ, ಇನ್ನೂ ಏರುತ್ತೆ. ನಮ್ಮೂರ ಹಳ್ಳ ವರ್ಷಕ್ಕೊಂದು ಸಲ ಬರುತ್ತೆ, ಬಂದಾಗ ಹೇಳದೇ ಬರುತ್ತೆ" ಎಂದಳು. ಒಂದು ಕೊಡೆಯ ಕೆಳಗೆ ಬಂಡೆಯ ಮೇಲೆ ಕುಳಿತೆವು. ಅರ್ಧ ಗಂಟೆ ಕಳೆದಿರಬಹುದು. ಬೇರುಸಹಿತ ಕಿತ್ತು ಬಂದ ಮರವೊಂದು ಸಂಕಕ್ಕೆ ಅಡ್ಡಲಾಗಿ ಬಡಿಯಿತು. ದಬ್ಬೆಗಳು ಬೆಂಕಿಕಡ್ಡಿಯಂತೆ ಚದುರಿಹೋದವು. ಇಬ್ಬರೂ ಮಾತಾಡಲಿಲ್ಲ. ಆಕೆ ನನ್ನ ಮುಂಗೈಯನ್ನು ಹಿಡಿದ ಹಿಡಿತ ಕತ್ತಲಾದರೂ ಸಡಿಲಲಿಲ್ಲ. ಗುಡ್ಡದ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ. ಮಳೆ ತೆರಪಾಗಿ ಮೂರು ಗಂಟೆಯ ಮೇಲೆ ನೆರೆಯವರು ದೀಪ, ಹಗ್ಗ ತಂದು ನಮ್ಮನ್ನು ದಾಟಿಸಿದರು.

ನೀರಿಲ್ಲದ ನಾಡಿನ ಅರಿವು ನೀರಿನ ನಾಡಿನಲ್ಲಿ ನಮ್ಮಿಬ್ಬರ ಪ್ರಾಣ ಉಳಿಸಿತು. ಇಂತಹ ಸಂಕಗಳ ಮೇಲೆ ಮಲೆನಾಡಿನ ಮಕ್ಕಳು ಪಾಟೀಚೀಲ ಹೊತ್ತು ಶಾಲೆಗೆ ಹೋಗುವುದನ್ನು ಕಂಡಾಗಲೆಲ್ಲ ಆ ಸಂಜೆ ನೆನಪಾಗುತ್ತದೆ. ನಮ್ಮ ಹಳ್ಳಕ್ಕೆ ಈಗ ಕಾಂಕ್ರೀಟಿನ ಕಾಲುಸಂಕ ಬಂದಿದೆ. ಎಲ್ಲ ಹಳ್ಳಗಳಿಗೂ ಆ ಭಾಗ್ಯ ಇನ್ನೂ ಬಂದಿಲ್ಲ.

ಹೊರಗಿನ ಸೋಜಿಗಗಳನ್ನು ಕಾಣಲು ಯಾವಾಗಲೂ ದೂರ ಹೋಗಬೇಕೆಂದಿಲ್ಲ. ಒಂದು ರಾತ್ರಿ ಸೌದೆ ಕೊಟ್ಟಿಗೆಗೆ ಹೋದ ನನ್ನಾಕೆ ಗಾಬರಿಯಿಂದ ಕರೆದಳು. ಹಿಂಬದಿಯಲ್ಲಿ ನೆನೆದು ಕೊಳೆತ ದಿಮ್ಮಿಯೊಂದು ಕತ್ತಲಲ್ಲಿ ತಿಳಿಹಸಿರಾಗಿ ಬೆಳಗುತ್ತಿತ್ತು. ಕೊಳೆತ ಮರದಲ್ಲಿ ಬೆಳೆಯುವ ಒಂದು ಜಾತಿಯ ಶಿಲೀಂಧ್ರದ ಬೆಳಕು ಅದು. ಅದರೊಳಗಿನ ವಸ್ತುವೊಂದು ಆಮ್ಲಜನಕದೊಡನೆ ಕೂಡುವಾಗ ಬಿಸಿಯಿಲ್ಲದ ಬೆಳಕು ಹುಟ್ಟುತ್ತದೆ. ವಿವರಣೆ ಕೇಳಿ ಆಕೆ, "ಅಂತೂ ಉರಿಯೋಕೆ ಬರದ ಸೌದೆ" ಎಂದಳು. ಆದರೂ ಆ ದಿಮ್ಮಿಯನ್ನು ಎಸೆಯಲು ಬಿಡಲಿಲ್ಲ.

ಈ ಕಾಡಿನ ಇನ್ನೊಬ್ಬ ಗೃಹಿಣಿಯನ್ನು ನೆನೆಯದಿದ್ದರೆ ಲೋಪವಾದೀತು. ಹೆಣ್ಣು ಕಾಳಿಂಗ ಸರ್ಪ ಮಳೆಗಾಲಕ್ಕೆ ಮುನ್ನ ತನ್ನ ಮೈಯ ಸುರುಳಿಯಿಂದಲೇ ತರಗೆಲೆಗಳನ್ನು ಗುಡ್ಡೆಹಾಕಿ ಗೂಡು ಕಟ್ಟುತ್ತದೆ. ಸುರಿಮಳೆಯಲ್ಲೂ ಮೊಟ್ಟೆಗಳಿಗೆ ನೀರು ಇಳಿಯದಂತಹ ಮಾಡು ಅದು. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಈ ಹಾವಿನ ಬಾಳನ್ನು ಹತ್ತಿರದಿಂದ ಅಧ್ಯಯನ ಮಾಡಿದೆ. ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಜಾತಿಯೆಂದು 2024ರಲ್ಲಿ ವಿಜ್ಞಾನಿಗಳು ನಿರ್ಣಯಿಸಿ, ಅದರ ಶಾಸ್ತ್ರೀಯ ನಾಮದಲ್ಲಿ ನಮ್ಮ 'ಕಾಳಿಂಗ' ಶಬ್ದವನ್ನೇ ಇಟ್ಟರು. ಆ ಸುದ್ದಿಯನ್ನು ಓದಿ ಹೇಳಿದಾಗ ನನ್ನಾಕೆಗೆ ಹೆಸರಿಗಿಂತ ಗೂಡಿನ ಮಾಡಿನ ವಿಚಾರವೇ ಹೆಚ್ಚು ಹಿಡಿಸಿತು.

ಈಗ ಇಬ್ಬರಿಗೂ ಮೊಣಕಾಲು ನೋವು. ಮಕ್ಕಳು ನಗರದಲ್ಲಿದ್ದಾರೆ; ನಮ್ಮ ಕೇರಿಯಲ್ಲಿ ಬೀಗ ಬಿದ್ದ ಮನೆಗಳು ಒಂದೊಂದಾಗಿ ಹೆಚ್ಚುತ್ತಿವೆ. ಬೀಗ ಹಾಕಿದ ಮನೆಯ ಹಂಚು ಒಡೆದರೆ ಕೇಳುವವರಿಲ್ಲ. ಎರಡು ಮಳೆಗಾಲದಲ್ಲಿ ಗೋಡೆ ಕರಗುತ್ತದೆ. "ಇನ್ನೆಷ್ಟು ಮಳೆ ಅಲ್ಲಿ ಕಳೀತೀರಿ? ಬಂದುಬಿಡಿ" ಎಂದು ಮಕ್ಕಳು ಪ್ರತಿ ಬೇಸಗೆಯಲ್ಲೂ ಕರೆಯುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ನಾನು ಉತ್ತರಕ್ಕೆ ನನ್ನಾಕೆಯ ಮುಖ ನೋಡುತ್ತೇನೆ. ಆಕೆ ಏನೂ ಹೇಳದೆ ಕೊಟ್ಟಿಗೆಯ ಕಡೆ ಹೋಗುತ್ತಾಳೆ. ಈ ವೈಶಾಖದಲ್ಲಿಯೂ ಹೋದಳು. ಸಂಜೆಯವರೆಗೆ ಆಳುಗಳೊಡನೆ ನಿಂತು ಸೌದೆಯನ್ನು ಮಾಡಿನೆತ್ತರಕ್ಕೆ ಪೇರಿಸಿದಳು. ಅಷ್ಟು ಸೌದೆ ನಾಲ್ಕು ತಿಂಗಳಿಗೆ ಧಾರಾಳವಾಯಿತು.